ಹಿತ್ತಾಳೆ ಬಣ್ಣದ ಉಲನ್ ಚೊಂಬು

ನಮ್ಮ ಬಚ್ಚಲುಮನೆಯಲ್ಲಿ ಈಗಲೂ ಬಳಕೆಯಲ್ಲಿರುವ, ಅಮ್ಮನ ಕಾಲದ ಹಿತ್ತಾಳೆ ಚೊಂಬನ್ನು ನಾನು ಐವತ್ತು ವರ್ಷಗಳಿಂದ ಹೆಚ್ಚುಕಡಿಮೆ ದಿನವೂ ಕೈಯಲ್ಲಿ ಹಿಡಿದವಳು. ಆದರೂ ಅದರ ಹೊಟ್ಟೆ ಎಲ್ಲಿ ಅತಿ ಹೆಚ್ಚು ಉಬ್ಬಿದೆ ಎಂದು ಯಾರಾದರೂ ಕೇಳಿದ್ದರೆ, ಯೋಚಿಸದೆ ನಡುಮಧ್ಯದಲ್ಲಿ ಎಂದುಬಿಡುತ್ತಿದ್ದೆ. ಕಳೆದ ದಸರಾ ರಜೆಯಲ್ಲಿ ಮೊಮ್ಮಗಳಿಗಾಗಿ ಕ್ರೋಶದಲ್ಲಿ (ತುದಿ ಕೊಕ್ಕೆಯಾಗಿರುವ ಒಂದೇ ಕಡ್ಡಿಯ ಹೆಣಿಗೆ) ಅಂಥದ್ದೇ ಒಂದು ಪುಟ್ಟ ಚೊಂಬನ್ನು ಹೆಣೆಯಲು ಕುಳಿತಾಗ, ಅದು ನಡುವಿಗಿಂತ ಎರಡು ಬೆರಳು ಮೇಲೆ ಉಬ್ಬಿದೆ, ಅಲ್ಲಿಂದ ಭುಜ ಇಳಿದಂತೆ ಬೇಗನೆ ಕತ್ತಿನ ಕಡೆಗೆ ಒಳಸರಿದಿದೆ ಎಂಬುದು ಮೊದಲ ಸಲ ಗಮನಕ್ಕೆ ಬಂತು.

ಮೊಮ್ಮಗಳಿಗೆ ನಾಲ್ಕು ವರ್ಷ. ಬೆಂಗಳೂರಿನ ಅವರ ಫ್ಲ್ಯಾಟಿನಲ್ಲಿ ಸ್ನಾನಕ್ಕೆ ಪ್ಲಾಸ್ಟಿಕ್ ಮಗ್ಗು, ಇಲ್ಲವೇ ಶವರ್. ಇಲ್ಲಿ ಮೈಸೂರಿಗೆ ಬಂದಾಗ ಹಂಡೆಯ ನೀರನ್ನು ಚೊಂಬಿನಲ್ಲಿ ಮೊಗೆದು ತಲೆಯ ಮೇಲೆ ಸುರಿಸಿಕೊಳ್ಳುವುದು ಅವಳಿಗೆ ಹಬ್ಬಕ್ಕಿಂತ ದೊಡ್ಡ ಸಂಗತಿ. ಹೊರಡುವ ದಿನ ಚೊಂಬನ್ನು ಅಪ್ಪಿಕೊಂಡು ಕುಳಿತವಳಿಂದ ಅದನ್ನು ಬಿಡಿಸಿಕೊಳ್ಳುವಾಗ, ನಿನಗೆ ಕಾಲ ಮೇಲೆ ಬಿದ್ದರೂ ನೋಯದಂಥ ಚೊಂಬನ್ನು ಮಾಡಿ ಕಳಿಸುತ್ತೇನೆ ಎಂದು ಮಾತು ಕೊಟ್ಟೆ. ಕೊಡುವಾಗ ಅದು ಸುಲಭದ ಮಾತಾಗಿ ಕಂಡಿತ್ತು.

ಅಮ್ಮನೂ ಕ್ರೋಶ ಹಾಕುತ್ತಿದ್ದಳು. ಬಿಳಿಯ ನೂಲು, ಗುಂಡುಸೂಜಿಗಿಂತ ಸ್ವಲ್ಪ ದಪ್ಪದ ಉಕ್ಕಿನ ಕಡ್ಡಿ; ಬಾಗಿಲಿಗೆ ತೋರಣ, ರೇಡಿಯೋಗೆ ಹೊದಿಕೆ, ನೀರಿನ ಚೊಂಬಿನ ಬಾಯಿಗೆ ಮುಚ್ಚಲು ಅಂಚಿಗೆ ಗಾಜಿನ ಮಣಿ ಪೋಣಿಸಿದ ಜಾಲರಿ. ಆಂಧ್ರದ ನರಸಾಪುರದ ಹೆಸರಾಂತ ಕ್ರೋಶ ಲೇಸು ಕೂಡ ಇದೇ ಜಾತಿಯದು, ಹರಡಿದರೆ ಮಟ್ಟಸವಾಗಿ ಕೂರುವಂಥದ್ದು. ಹೊಟ್ಟೆಯೊಳಗೆ ಹತ್ತಿ ತುಂಬಿ ಗೊಂಬೆಯಾಗಿ ನಿಲ್ಲಿಸುವ ಪದ್ಧತಿಯನ್ನು ಇಂದಿನವರು ಜಪಾನೀ ಹೆಸರಿನಿಂದ ಅಮಿಗುರುಮಿ ಎನ್ನುತ್ತಾರೆ. ಹೆಣಿಗೆ ಎಂಬರ್ಥದ ‘ಅಮಿ’ಗೆ, ತುಂಬಿದ ಗೊಂಬೆ ಎಂಬರ್ಥದ ‘ನುಯಿಗುರುಮಿ’ ಸೇರಿ ಆದ ಮಾತು ಅದು. ಚೊಂಬಿಗೆ ಮುಚ್ಚಳ ಹೆಣೆಯುತ್ತಿದ್ದ ಅಮ್ಮನಿಗೆ ಚೊಂಬನ್ನೇ ಹೆಣೆಯುವ ಮಗಳನ್ನು ಕಂಡಿದ್ದರೆ ನಗು ಬರುತ್ತಿತ್ತು ಎಂದುಕೊಂಡಿದ್ದೇನೆ.

ಉಲನ್ ತಂದದ್ದು ಬೆಂಗಳೂರಿನ ಚಿಕ್ಕಪೇಟೆಯ ಒಂದು ಗಲ್ಲಿಯಿಂದ. ಹಿತ್ತಾಳೆಯ ಬಣ್ಣವೆಂದು ಕೇಳಿದರೆ ಅಂಗಡಿಯವರು ಮೊದಲು ಜರಿ ಬೆರೆತ ಮಿರಮಿರ ಮಿಂಚುವ ದಾರವನ್ನು ತೆಗೆದಿಟ್ಟರು. ದಿನಬಳಕೆಯ ಚೊಂಬು ಹಾಗೆ ಮಿಂಚುವುದಿಲ್ಲ. ಸಾಸಿವೆ ಹಳದಿಯ 4 ಪ್ಲೈ (ನಾಲ್ಕೆಳೆಯ) ಅಕ್ರಿಲಿಕ್ ಉಲನ್ ಅದಕ್ಕೆ ಬಹಳ ಹತ್ತಿರ ಬಂತು. ಅದರ ಜೊತೆಗೆ ಒಂದಿಷ್ಟು ಕಂದು ದಾರವನ್ನೂ ತೆಗೆದುಕೊಂಡೆ, ಏಕೆಂದರೆ ಹುಣಸೆಹಣ್ಣು ಹಾಕಿ ಎಷ್ಟೇ ತಿಕ್ಕಿದರೂ ಕಂಠದ ಕೆಳಗಿನ ಸಂದಿಗೆ ಬೆರಳು ಸರಿಯಾಗಿ ಹೋಗದೆ ಅಲ್ಲಿ ಒಂದು ಕಪ್ಪು ಗೆರೆ ಉಳಿದೇ ಉಳಿಯುತ್ತದೆ. ಆ ಗೆರೆಯಿಲ್ಲದಿದ್ದರೆ ಅದು ನಮ್ಮ ಮನೆಯ ಚೊಂಬಾಗುವುದಿಲ್ಲ. ಕಡ್ಡಿ ಮಾತ್ರ ಮನೆಯಲ್ಲಿಯೇ ಇತ್ತು: ನೀಲಗಿರಿಯಲ್ಲಿ, ಊಟಿಯ ಬಳಿ ತಯಾರಾಗುವ ಪೋನಿ ಕಂಪನಿಯ 2.5 ಮಿ.ಮೀ. ಕಡ್ಡಿ. ಈ ದಪ್ಪದ ಉಲನ್‌ಗೆ ಸ್ವೆಟರ್ ಹಾಕುವವರು ಇನ್ನೂ ದಪ್ಪನೆಯ ಕಡ್ಡಿಯನ್ನು ಹಿಡಿಯುತ್ತಾರೆ, ಆದರೆ ಗೊಂಬೆಗೆ ಹೆಣಿಗೆ ಬಿಗಿಯಾಗಿರದಿದ್ದರೆ ಒಳಗಿನ ಹತ್ತಿ ಹೊಲಿಗೆಗಳ ನಡುವಿನಿಂದ ಇಣುಕುತ್ತದೆ.

ಹೆಣೆಯುವ ಮೊದಲು ಚೊಂಬನ್ನು ಅಳೆಯಬೇಕಾಯಿತು. ದಾರವನ್ನು ಸುತ್ತಿ ನೋಡಿದರೆ ಹೊಟ್ಟೆ 42 ಸೆಂ.ಮೀ., ಕತ್ತು 24, ಹೊರಕ್ಕೆ ಬಾಗಿದ ಬಾಯಿಯ ಅಂಚು 33, ಎತ್ತರ 13. ಇದರ ಅರ್ಧದಷ್ಟು ಅಳತೆಯ ಗೊಂಬೆ ಸಾಕು. ನನ್ನ ಕೈಯಲ್ಲಿ 12 ಹೊಲಿಗೆಗೆ 5 ಸೆಂ.ಮೀ. ಬರುತ್ತದೆ. ಈ ಲೆಕ್ಕದಲ್ಲಿ ಹೊಟ್ಟೆಗೆ 54, ಕತ್ತಿಗೆ 30, ಬಾಯಿಗೆ 42 ಹೊಲಿಗೆ ಎಂದು ಆರರ ಗುಣಕಗಳಿಗೆ ಹೊಂದಿಸಿಕೊಂಡೆ. ಆರು ಏಕೆಂದರೆ, ನಾನು ಹಾಕುವ ಸಿಂಗಲ್ ಕ್ರೋಶ ಎಂಬ ಗಿಡ್ಡ ಹೊಲಿಗೆ ಹೆಚ್ಚುಕಡಿಮೆ ಎಷ್ಟು ಅಗಲವೋ ಅಷ್ಟೇ ಎತ್ತರ. ವೃತ್ತದ ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೆದರೆ ಪರಿಧಿ ಆರು ಹೊಲಿಗೆಗಿಂತ ಚೂರು ಹೆಚ್ಚು ಬೆಳೆಯಬೇಕೆಂಬುದು ಶಾಲೆಯಲ್ಲಿ ಓದಿದ ಪೈ ಲೆಕ್ಕವೇ. ಸುತ್ತಿಗೆ ಆರು ಹೊಲಿಗೆ ಹೆಚ್ಚಿಸಿದರೆ ತಳ ಮಟ್ಟಸವಾಗುತ್ತದೆ, ಕಡಿಮೆ ಹೆಚ್ಚಿಸಿದರೆ ಬಟ್ಟಲಿನಂತೆ ಮೇಲೇಳುತ್ತದೆ, ಜಾಸ್ತಿಯಾದರೆ ಲಂಗದಂತೆ ನಿರಿಗೆ ಬೀಳುತ್ತದೆ. ಇಡೀ ಚೊಂಬು ಈ ಮೂರರ ಆಟ. (ಅಮೆರಿಕದವರು ಸಿಂಗಲ್ ಎನ್ನುವ ಹೊಲಿಗೆಯನ್ನು ಬ್ರಿಟಿಷರು ಡಬಲ್ ಎನ್ನುತ್ತಾರೆ. ಅಮ್ಮ ಕಲಿಸಿದ್ದು ಬ್ರಿಟಿಷ್ ಹೆಸರು, ನಾನು ಈಗ ನೋಡಿ ಕಲಿಯುವುದು ಅಮೆರಿಕದ್ದು. ನಡುವೆ ಸಿಕ್ಕಿ ಒಂದು ಇಡೀ ಸಂಜೆಯ ಕೆಲಸವನ್ನು ಬಿಚ್ಚಿದ್ದೇನೆ.)

ಮ್ಯಾಜಿಕ್ ರಿಂಗಿನಲ್ಲಿ (ಎಳೆದು ಬಿಗಿಸಬಹುದಾದ ದಾರದ ಉಂಗುರ) ಆರು ಹೊಲಿಗೆ, ಮುಂದೆ ಹನ್ನೆರಡು, ಹದಿನೆಂಟು, ಇಪ್ಪತ್ತನಾಲ್ಕು. ಇಲ್ಲಿಗೆ ತಳ ಮುಗಿಯಿತು. ಮೊದಲ ಸಲ ಅದು ದುಂಡಗಾಗದೆ ಜೇನುಗೂಡಿನ ಕಣ್ಣಿನಂತೆ ಆರು ಮೂಲೆಯಾಯಿತು. ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಅದೇ ಜಾಗದಲ್ಲಿ ಹೆಚ್ಚಿಸಿದರೆ ಹಾಗಾಗುತ್ತದೆ. ಸುತ್ತು ಬಿಟ್ಟು ಸುತ್ತಿಗೆ ಹೆಚ್ಚಿಸುವ ಜಾಗವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಮೂಲೆಗಳು ಮಾಯವಾಗುತ್ತವೆ. ಐದನೆಯ ಸುತ್ತನ್ನು, ಹೊಲಿಗೆಯ ನೆತ್ತಿಯ ಎರಡು ಕುಣಿಕೆಗಳಲ್ಲಿ ಹಿಂದಿನದರಲ್ಲಿ ಮಾತ್ರ ಕಡ್ಡಿ ತೂರಿಸಿ, ಏನೂ ಹೆಚ್ಚಿಸದೆ ಹಾಕಿದೆ. ತಳ ಮತ್ತು ಹೊಟ್ಟೆಯ ನಡುವೆ ಮಡಿಕೆಯಂಥ ಗೆರೆ ಮೂಡಿ ಚೊಂಬು ನೆಲದ ಮೇಲೆ ನೆಟ್ಟಗೆ ಕೂರುವುದು ಇದರಿಂದಲೇ. ಆಮೇಲೆ 42ರವರೆಗೆ ಸುತ್ತಿಗೆ ಆರರಂತೆ ಏರಿಸಿ, ಅಲ್ಲಿಂದ ಮುಂದೆ ಒಂದು ಸುತ್ತು ಏರಿಸದೆ, ಒಂದು ಸುತ್ತು ಏರಿಸುತ್ತ 54ಕ್ಕೆ ತಲುಪಿ, ನಾಲ್ಕು ಸುತ್ತು ಹಾಗೆಯೇ ನಡೆದೆ.

ಭುಜ ಬಂದದ್ದು ಇಲ್ಲಿ. ಏರಿದ ಕ್ರಮದಲ್ಲಿಯೇ ನಿಧಾನವಾಗಿ ಇಳಿಸಿದೆ, ಚೆಂಡಾಯಿತು. ಮೇಜಿನ ಮೇಲೆ ಅಸಲಿ ಚೊಂಬನ್ನು ಇಟ್ಟುಕೊಂಡು, ಒಂದು ಕಣ್ಣು ಮುಚ್ಚಿ, ಅಂಚನ್ನು ಬೆರಳಿನಿಂದ ಗಾಳಿಯಲ್ಲಿ ಬರೆಯುತ್ತ ಕುಳಿತಾಗಲೇ ನಾನು ಆರಂಭದಲ್ಲಿ ಹೇಳಿದ ಸಂಗತಿ ಹೊಳೆದದ್ದು. ಏರಲು ಏಳು ಸುತ್ತು ತೆಗೆದುಕೊಂಡ ಹೊಟ್ಟೆ ಇಳಿಯಲು ನಾಲ್ಕೇ ಸುತ್ತು ತೆಗೆದುಕೊಳ್ಳುತ್ತದೆ: 48, 42, 36, 30. ಇಳಿಸುವಾಗ ಎರಡು ಹೊಲಿಗೆಗಳ ಮುಂದಿನ ಕುಣಿಕೆಗಳನ್ನು ಮಾತ್ರ ಸೇರಿಸಿ ಎಳೆದರೆ ಗಂಟು ಕಾಣುವುದಿಲ್ಲ, ಹಿತ್ತಾಳೆಯ ನುಣುಪು ಕೆಡುವುದಿಲ್ಲ. ಕತ್ತಿಗೆ ಎರಡು ಸುತ್ತು. ಅವುಗಳಲ್ಲಿ ಒಂದು ಆ ಕಂದು ಗೆರೆ. ಬಾಯಿಗೆ 36, 42 ಎಂದು ಹೊರಕ್ಕೆ ಬಿಡಿಸಿ, ಅಂಚಿಗೆ ಸ್ಲಿಪ್ ಸ್ಟಿಚ್ ಎಂಬ, ಎತ್ತರವೇ ಇಲ್ಲದಂಥ ಹೊಲಿಗೆ ಹಾಕಿದೆ. ನಾನು ಮೊದಲು ಬಾಯಿಯನ್ನು 48ಕ್ಕೆ ಒಯ್ದು ನೋಡಿದ್ದೆ, ಅದು ದಾಸವಾಳದ ಹೂವಾಗಿ ಅರಳಿತು.

ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ವಿನ್ಯಾಸಕಾರ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ, ಈ ದೇಶದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳ ನಡುವೆ ಲೋಟಾಗೆ, ಅಂದರೆ ನಮ್ಮ ಚೊಂಬಿಗೆ, ಎಲ್ಲಕ್ಕಿಂತ ಎತ್ತರದ ಜಾಗ ಕೊಟ್ಟಿದ್ದರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದರ ಹಿಂದೆ ಇರುವುದು ಆ ವರದಿಯೇ. ಎಷ್ಟು ನೀರು ಹಿಡಿಯಬೇಕು, ತುಂಬಿದಾಗ ಮತ್ತು ಬರಿದಾದಾಗ ತೂಕ ಎಲ್ಲಿ ನಿಲ್ಲುತ್ತದೆ, ಸುರಿಯುವಾಗ ಹೇಗೆ ವಾಲುತ್ತದೆ, ಕೈಗೆ ಹೇಗೆ ಒಗ್ಗುತ್ತದೆ ಎಂದು ಅವರು ಪ್ರಶ್ನೆಗಳನ್ನು ಸಾಲಾಗಿ ಇಡುತ್ತಾರೆ. ಯಾರೋ ಒಬ್ಬರು ಕೂತು ವಿನ್ಯಾಸ ಮಾಡಿದ್ದಲ್ಲ, ತಲೆಮಾರುಗಳ ಕೈಯಲ್ಲಿ ಸವೆದು ಬಂದ ಆಕಾರ ಎನ್ನುತ್ತಾರೆ. ಬೆರಳುಗಳು ಕತ್ತನ್ನು ಬಳಸಿ ಹಿಡಿದಾಗ ಅಂಗೈ ಕೂರುವುದು ಆ ಇಳಿಜಾರು ಭುಜದ ಮೇಲೆಯೇ. ಒದ್ದೆ ಕೈಯಿಂದಲೂ ಚೊಂಬು ಜಾರದಿರಲು ಅಗಲವಾದ ಬಾಯಿಯಂಚು ಆಸರೆ. ನಾಲ್ಕು ಸುತ್ತಿನಲ್ಲಿ ಇಳಿಸಬೇಕೆಂಬ ನನ್ನ ಲೆಕ್ಕ ಹೆಬ್ಬೆರಳಿನ ಬುಡಕ್ಕೆ ಮೊದಲೇ ಗೊತ್ತಿತ್ತು.

ಇಷ್ಟಾದರೂ ನಿಜವಾದ ತೊಡಕು ಬಾಕಿ ಇತ್ತು. ಕರಡಿಯನ್ನೋ ಬದನೆಕಾಯಿಯನ್ನೋ ಹೆಣೆದರೆ ಒಳಗೆ ಹತ್ತಿ ತುಂಬಿ ಬಾಯಿ ಹೊಲಿದರೆ ಮುಗಿಯಿತು, ಅವುಗಳ ಒಳಗೆ ಏನಿದೆಯೆಂದು ಯಾರೂ ಕೇಳುವುದಿಲ್ಲ. ಚೊಂಬು ಇರುವುದೇ ಒಳಗಿನ ಜಾಗಕ್ಕಾಗಿ. ಹತ್ತಿ ತುಂಬಿದರೆ ಬಾಯಲ್ಲಿ ಬಿಳಿ ನೊರೆ ಬಂದಂತೆ ಕಾಣುತ್ತದೆ. ತುಂಬದಿದ್ದರೆ ಮುಟ್ಟಿದ ಕೂಡಲೇ ಟೋಪಿಯಂತೆ ಕುಸಿಯುತ್ತದೆ. ಆಡುಮಾತಿನಲ್ಲಿ ಕೈಗೆ ಚೊಂಬು ಕೊಟ್ಟರು ಎಂದರೆ ಏನೂ ಕೊಡಲಿಲ್ಲ ಎಂದರ್ಥ. ಆ ಏನೂ ಇಲ್ಲದಿರುವುದನ್ನು ಹೆಣೆಯುವುದು ಹೇಗೆಂದು ಎರಡು ದಿನ ಯೋಚಿಸಿದೆ. ಕೊನೆಗೆ ತಿಳಿನೀಲಿ ಉಲನ್‌ನಲ್ಲಿ 24 ಹೊಲಿಗೆಯ ಒಂದು ಬಿಲ್ಲೆ ಹಾಕಿ, ಹತ್ತಿ ತುಂಬಿದ ಮೇಲೆ ಅದನ್ನು ಬಾಯಿಯಂಚಿನಿಂದ ಮೂರು ಸುತ್ತು ಕೆಳಗೆ, ಕತ್ತಿನ ಒಳಗೋಡೆಗೆ ಹೊಲಿದೆ. ಮೇಲಿನಿಂದ ನೋಡಿದರೆ ಕಂಠಮಟ್ಟ ನೀರು ತುಂಬಿದ ಚೊಂಬು. ಬಿಲ್ಲೆಯ ಎಳೆತಕ್ಕೆ ಕತ್ತು ಕೂಡ ಹತ್ತಿಯ ಒತ್ತಡಕ್ಕೆ ಉಬ್ಬದೆ ಬಿಗಿಯಾಗಿ ನಿಂತಿತು. ಇದು ನಾನು ಲೆಕ್ಕ ಹಾಕದೆ ದಕ್ಕಿದ ಲಾಭ.

ಕಣ್ಣು ಮತ್ತು ನಗುವ ತುಟಿಯನ್ನು ಇಡಬೇಕೆಂದು ಮಗಳು ಫೋನಿನಲ್ಲಿ ಒತ್ತಾಯಿಸಿದಳು. ಈಗ ಬ್ರೆಡ್ಡಿನ ತುಂಡಿಗೂ ಟೀ ಕಪ್ಪಿಗೂ ಕಣ್ಣಿಡುವುದು ರೂಢಿ. ನಾನು ಒಪ್ಪಲಿಲ್ಲ. ನಮ್ಮ ಭಾಷೆಯಲ್ಲಿ ಚೊಂಬಿಗೆ ಬಾಯಿ, ಕತ್ತು, ಹೊಟ್ಟೆ ಮೊದಲೇ ಇವೆ. ಹೊಟ್ಟೆಯ ಮೇಲೆ ಇನ್ನೊಂದು ಬಾಯಿಯನ್ನು ಬರೆದು ಅದನ್ನು ನಗಿಸುವುದು ನನಗೆ ಚೆನ್ನಾಗಿ ಕಾಣಲಿಲ್ಲ. ಮೇಲಾಗಿ ಕಣ್ಣಿಗೆಂದು ಸಿಗುವ ಪ್ಲಾಸ್ಟಿಕ್ ಗುಂಡಿಗಳು ಕಿತ್ತು ಬಂದರೆ ಮಕ್ಕಳ ಬಾಯಿಗೇ ಹೋಗುವುದು.

ಮೊದಲ ಚೊಂಬಿನಲ್ಲಿ ಒಂದು ತಪ್ಪು ಮಾಡಿದೆ. ಹತ್ತಿ ತುಂಬಿದ ಗೊಂಬೆ ತೀರ ಹಗುರವಾಗಿ ಫ್ಯಾನಿನ ಗಾಳಿಗೆ ಉರುಳುತ್ತಿತ್ತು. ತಳದಲ್ಲಿ ತೂಕವಿರಲೆಂದು ಒಂದು ಹಿಡಿ ರಾಗಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ಇಟ್ಟು ಹೊಲಿದೆ. ಚೊಂಬು ಬೆಂಗಳೂರಿಗೆ ಹೋಯಿತು, ಮೊಮ್ಮಗಳು ಅದಕ್ಕೆ ಹಾಲು ಕುಡಿಸಿದಳು, ಮಗಳು ಬಕೆಟ್ಟಿನಲ್ಲಿ ನೆನೆಸಿ ಒಗೆದು, ಹಿಂಡಿ, ಮಳೆಯ ಕಾರಣ ಬಾಲ್ಕನಿಯ ನೆರಳಿನಲ್ಲಿಟ್ಟಳು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ತಂಪಿನಲ್ಲಿಟ್ಟರೆ ಏನಾಗುತ್ತದೆ ಎಂಬುದು ಮೊಳಕೆಯ ರಾಗಿಹಿಟ್ಟು ಮಾಡಿಸುವ ಯಾವ ಮನೆಯವರಿಗೂ ಹೊಸದಲ್ಲ. ಎರಡನೆಯ ದಿನ ರಾತ್ರಿ ಫೋನ್ ಬಂತು: “ಅಮ್ಮಾ, ಚೊಂಬಿನ ತಳದಿಂದ ಬಿಳೀ ಕೂದಲು ಬರ್ತಾ ಇದೆ. ಹುಳಿ ವಾಸನೆ ಬೇರೆ.” ಅವಳು ಕಳಿಸಿದ ಫೋಟೋದಲ್ಲಿ ಸಾಸಿವೆ ಹಳದಿಯ ಹೊಲಿಗೆಗಳ ಸಂದಿಯಿಂದ ಎಳೆಯ ಬೇರುಗಳು ಸಾಲಾಗಿ ಇಣುಕುತ್ತಿದ್ದವು. ಐದನೆಯ ಸುತ್ತಿನ ಮಡಿಕೆಯ ಗೆರೆಯಲ್ಲಿ ಅವು ಇನ್ನೂ ದಟ್ಟವಾಗಿದ್ದವು, ಅಲ್ಲಿ ಹೆಣಿಗೆ ಒಂದೇ ಕುಣಿಕೆಯದಲ್ಲವೇ.

ಎರಡನೆಯ ಚೊಂಬಿನ ತಳಕ್ಕೆ ದಪ್ಪನೆಯ ಹಳೆಯ ಐದು ರೂಪಾಯಿಯ ನಾಲ್ಕು ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ, ಬಟ್ಟೆಯಲ್ಲಿ ಸುತ್ತಿ, ಎಲ್ಲ ಕಡೆ ಹೊಲಿದು ಇಟ್ಟಿದ್ದೇನೆ. ಒಂದೊಂದೂ 9 ಗ್ರಾಂ ತೂಗುತ್ತದೆ, ಅಗಲ 23 ಮಿ.ಮೀ. ಇರುವುದರಿಂದ 24 ಹೊಲಿಗೆಯ ತಳದಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಮೊಳೆಯುವುದಿಲ್ಲ. ಈ ಸಲ ನಾನೇ ಹೋಗಿ ಕೊಟ್ಟೆ. ಮೊಮ್ಮಗಳು ಎರಡೂ ಕೈಯಲ್ಲಿ ಕತ್ತು ಹಿಡಿದು, ಬಾಯಿಯೊಳಗೆ ಇಣುಕಿ, ನೀಲಿಯನ್ನು ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಸ್ನಾನ ಮಾಡುವವಳಂತೆ ಕಣ್ಣು ಮುಚ್ಚಿಕೊಂಡು ತಲೆಯ ಮೇಲೆ ಬಗ್ಗಿಸಿದಳು. ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದಳು. “ಅಜ್ಜೀ, ನೀರು ಅಂಟ್ಕೊಂಡಿದೆ,” ಎಂದು ತಂದು ನನ್ನ ಕೈಗೆ ಕೊಟ್ಟಳು, ಕೆಟ್ಟುಹೋದ ರಿಮೋಟನ್ನು ಅಪ್ಪನ ಕೈಗೆ ಕೊಡುವ ಹಾಗೆ.

ಮೂರನೆಯದರಲ್ಲಿ ಈಗ ಭುಜಕ್ಕೆ ಬಂದಿದ್ದೇನೆ. ಹತ್ತಿಯನ್ನು ಭುಜದ ಕೆಳಗೇ ನಿಲ್ಲಿಸಿ ಅದರ ಮೇಲೆ ಹಳದಿ ಬಿಲ್ಲೆಯೊಂದನ್ನು ಹೊಲಿದರೆ ಮೇಲೆ ಒಂದು ಹಿಡಿಯಷ್ಟು ಜಾಗ ಬರಿದಾಗಿ ಉಳಿಯುತ್ತದೆ. ನೀಲಿ ಬಿಲ್ಲೆಯನ್ನು ಸುತ್ತಲೂ ಹೊಲಿಯುವ ಬದಲು ಉದ್ದನೆಯ ಚೈನಿಗೆ, ಅಂದರೆ ಸರಪಳಿಯಂತೆ ಹೆಣೆದ ದಾರಕ್ಕೆ, ಕಟ್ಟಿ ಒಳಗೆ ಬಿಡುವ ಯೋಚನೆಯಿದೆ. ಬಗ್ಗಿಸಿದರೆ ಹೊರಗೆ ಬೀಳಬೇಕು, ಎಳೆದರೆ ಒಳಗೆ ಹೋಗಬೇಕು. ಬಿಲ್ಲೆಯ ಆಸರೆ ತಪ್ಪಿದರೆ ಕತ್ತು ಸಡಿಲವಾಗುತ್ತದೆ. ಅದಕ್ಕೆ ಕಂದು ಗೆರೆಯ ಒಳಗಿನಿಂದ ಒಂದು ಸುತ್ತು ದಾರ ಹಾಯಿಸಿ ಬಿಗಿಯುತ್ತೇನೆ.