ಒಂಬತ್ತು ವಾದ್ಯ, ಒಂದು ಸಂಬಳದ ಪತ್ರ

ನಾನು ಪಿಯಾನೋ ಕಲಿಸುವ ಶಾಲೆಯಲ್ಲಿ ತಿಂಗಳ ಕೊನೆಗೆ ಪ್ರತಿಯೊಬ್ಬರಿಂದಲೂ ವೋಚರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಕಳೆದ ವರ್ಷ ಒಂದು ಮಧ್ಯಾಹ್ನ ಗುಮಾಸ್ತರು ಇಡೀ ಕಡತವನ್ನೇ ನನ್ನ ಮುಂದಿಟ್ಟು ಯಾವುದೋ ಫೋನ್ ಕರೆಗೆ ಎದ್ದು ಹೋದರು. ಮೇಲಿದ್ದ ಹಾಳೆ ನನ್ನ ಸಹೋದ್ಯೋಗಿಯದು. ಅದೇ ಹಂತದ ವಿದ್ಯಾರ್ಥಿಗಳು, ಅಷ್ಟೇ ತರಗತಿಗಳು, ಅನುಭವದಲ್ಲಿ ನನಗಿಂತ ಕಿರಿಯರು. ಗಂಟೆಯ ದರ ಮಾತ್ರ ನನ್ನದಕ್ಕಿಂತ ಹೆಚ್ಚು. ನನ್ನ ಹಾಳೆಗೆ ಸಹಿ ಹಾಕಿ ಎದ್ದೆ. ಸಿಟ್ಟು ಬಂದದ್ದು ಮೆಟ್ಟಿಲು ಇಳಿಯುವಾಗ.

ಅದೇ ಸಂಜೆ ದೊಡ್ಡ ವಿದ್ಯಾರ್ಥಿಗಳಿಗೆ ನಾನು ಕೇಳಿಸಬೇಕೆಂದು ಮೊದಲೇ ಗೊತ್ತುಮಾಡಿದ್ದ ಕೃತಿ, ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಸಂಯೋಜಕಿ ಲೂಯೀಸ್ ಫರಾಂಕ್ ಅವರ ನೊನೆಟ್, ಅಂದರೆ ಒಂಬತ್ತು ವಾದ್ಯಗಳಿಗೆ ಬರೆದ ರಚನೆ. ಕತೆಯಲ್ಲಿ ಯಾರಾದರೂ ಹೀಗೆ ಹೊಂದಿಸಿದ್ದರೆ ನಾನೇ ನಂಬುತ್ತಿರಲಿಲ್ಲ. ಏಕೆಂದರೆ ಪಾಶ್ಚಾತ್ಯ ಸಂಗೀತ ಕಲಿಸುವ ಹೆಂಗಸರಿಗೆ ಫರಾಂಕ್ ಎಂದೊಡನೆ ನೆನಪಾಗುವುದೇ ಸಂಬಳದ ಜಗಳ.

1804ರಲ್ಲಿ ಪ್ಯಾರಿಸ್ಸಿನಲ್ಲಿ, ಶಿಲ್ಪಿಗಳ ಮನೆತನದಲ್ಲಿ ಹುಟ್ಟಿದವರು ಆಕೆ. ಹದಿಹರೆಯದಲ್ಲೇ ಸಂಯೋಜಕ ಆಂಟನ್ ರೈಕಾ ಅವರ ಬಳಿ ಸಂಯೋಜನೆ ಕಲಿತದ್ದು ಖಾಸಗಿಯಾಗಿ; ಅಲ್ಲಿನ ಸಂಗೀತ ವಿದ್ಯಾಲಯವಾದ ಪ್ಯಾರಿಸ್ ಕನ್ಸರ್ವೇಟರಿಯ ಸಂಯೋಜನಾ ತರಗತಿಗೆ ಆಗ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಕೊಳಲುವಾದಕ ಅರಿಸ್ತೀದ್ ಫರಾಂಕ್ ಅವರನ್ನು ಮದುವೆಯಾದರು. ಆತ ಮುಂದೆ ಸಂಗೀತ ಪ್ರಕಾಶಕರಾಗಿ ಹೆಂಡತಿಯ ಕೃತಿಗಳನ್ನು ಅಚ್ಚು ಹಾಕಿಸಿದರು. ಗಂಡಂದಿರ ಕೈಯಲ್ಲಿ ಹಸ್ತಪ್ರತಿಗಳು ಏನೇನಾಗಿವೆಯೆಂದು ಬಲ್ಲವರಿಗೆ ಇದು ಸಣ್ಣ ಮಾತಲ್ಲ. 1842ರಲ್ಲಿ ಅದೇ ಕನ್ಸರ್ವೇಟರಿ ಆಕೆಯನ್ನು ಪಿಯಾನೋ ಪ್ರಾಧ್ಯಾಪಕಿಯಾಗಿ ನೇಮಿಸಿತು. ಕಲಿಸಬೇಕಾದದ್ದು ಹುಡುಗಿಯರ ತರಗತಿಗೆ. ಸಂಬಳ, ಅದೇ ಕೆಲಸ ಮಾಡುವ ಗಂಡಸರಿಗಿಂತ ಕಡಿಮೆ.

ಇಷ್ಟನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನನ್ನ ದನಿ ಏರಿತ್ತೆಂದು ಕಾಣುತ್ತದೆ, ಮುಂದಿನ ಸಾಲಿನ ಹುಡುಗಿ ನೀರಿನ ಬಾಟಲಿಯನ್ನು ನನ್ನತ್ತ ಸರಿಸಿದಳು. ಮಾತು ನಿಲ್ಲಿಸಿ ಕೃತಿ ಹಾಕಿದೆ.

ಪಿಟೀಲು, ವಿಯೋಲಾ, ಚೆಲ್ಲೋ, ಡಬಲ್ ಬೇಸ್, ಫ್ಲೂಟ್, ಓಬೋ, ಕ್ಲಾರಿನೆಟ್, ಹಾರ್ನ್, ಬಸೂನ್: ಒಂದೊಂದು ವಾದ್ಯಕ್ಕೆ ಒಬ್ಬೊಬ್ಬರೇ. ಇಂಥ ಜೋಡಣೆಯಲ್ಲಿ ಪಿಟೀಲಿಗೆ ಯಜಮಾನಿಕೆ ಕೊಟ್ಟು ಉಳಿದವರನ್ನು ಹಿಂದೆ ನಿಲ್ಲಿಸುವುದು ಸುಲಭ. ಫರಾಂಕ್ ಹಾಗೆ ಮಾಡುವುದಿಲ್ಲ. ಎರಡನೆಯ ಭಾಗದಲ್ಲಿ ಸರಳವಾದ ಒಂದು ರಾಗವನ್ನು ಇಟ್ಟು, ಅದನ್ನು ಮಾರ್ಪಾಟು ಮಾಡುತ್ತಾ ಹೋಗುವಾಗ ವಾದ್ಯಗಳಿಗೆ ಸರದಿಯ ಮೇಲೆ ಮಾತು ಕೊಡುತ್ತಾರೆ. ಅದರ ಮುಂದಿನ ಚುರುಕು ನಡೆಯ ಭಾಗ, ಸ್ಕೆರ್ಟ್ಸೋ, ಶುರುವಾಗುವುದು ತಂತಿಗಳನ್ನು ಬೆರಳಿನಿಂದ ಮೀಟುವ ಸದ್ದಿನಿಂದ, ಕಳ್ಳಹೆಜ್ಜೆಯ ಹಾಗೆ. ಅಲ್ಲಿ ಹುಡುಗರೆಲ್ಲ ನಕ್ಕರು. ನಗಬೇಕಾದ ಜಾಗವೇ ಅದು.

1850ರಲ್ಲಿ ಪ್ಯಾರಿಸ್ಸಿನಲ್ಲಿ ಇದು ಮೊದಲ ಬಾರಿ ಸಾರ್ವಜನಿಕವಾಗಿ ನುಡಿದಾಗ ಪಿಟೀಲು ಹಿಡಿದಿದ್ದವರು ಯೋಸೆಫ್ ಯೋವಾಕಿಮ್. ಮುಂದೆ ಯುರೋಪಿನಲ್ಲೆಲ್ಲ ಹೆಸರಾದ ಅವರಿಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಕೃತಿ ಗೆದ್ದಿತು. ಆ ಗೆಲುವಿನ ಬಿಸಿ ಆರುವ ಮುನ್ನ ಫರಾಂಕ್ ಕನ್ಸರ್ವೇಟರಿಯ ನಿರ್ದೇಶಕ ಓಬೇರ್ ಅವರಿಗೆ ಪತ್ರ ಬರೆದು ಗಂಡಸರಷ್ಟೇ ಸಂಬಳ ಕೇಳಿದರು, ಪಡೆದರು.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಪತ್ರದ ವರಸೆ. ಅನ್ಯಾಯವಾಗಿದೆ ಎಂದು ಆಕೆ ಗೋಳಾಡುವುದಿಲ್ಲ. ದುಡ್ಡಿನ ಮಾತು ಬದಿಗಿರಲಿ, ಕಡಿಮೆ ಕೊಟ್ಟರೆ ತಾನು ಒಪ್ಪಿಕೊಂಡ ಕೆಲಸವನ್ನು ಶ್ರದ್ಧೆಯಿಂದ ಮಾಡಿಲ್ಲವೆಂದು ಜನ ಎಣಿಸಬಹುದು ಎನ್ನುತ್ತಾರೆ. ಬಹಳ ವಿನಯದ ಮಾತು. ಆದರೆ ಓಬೇರ್ ಇದಕ್ಕೆ ಒಲ್ಲೆ ಎಂದರೆ ತಮ್ಮದೇ ಪ್ರಾಧ್ಯಾಪಕಿ ಸೋಮಾರಿ ಎಂದು ಒಪ್ಪಿಕೊಂಡಂತೆ. ಆಕೆಯ ವಿದ್ಯಾರ್ಥಿನಿಯರೋ ಬಹುಮಾನ ಪಡೆಯುತ್ತಲೇ ಇದ್ದರು. ಮಗಳು ವಿಕ್ಟೋರೀನ್ 1844ರಲ್ಲೇ ಅಲ್ಲಿ ಮೊದಲ ಬಹುಮಾನ ಗೆದ್ದಿದ್ದಳು. ಓಬೇರ್ ಹೇಗೆ ತಾನೇ ಇಲ್ಲವೆನ್ನುವುದು?

ರಾತ್ರಿ ನಾನೂ ಬರೆದೆ. ವಿದ್ಯಾರ್ಥಿಗಳ ಪರೀಕ್ಷಾ ಫಲಿತಾಂಶ ಜೋಡಿಸಿ, ಇಬ್ಬರ ಕೆಲಸದಲ್ಲಿ ಶಾಲೆ ಕಂಡಿರುವ ವ್ಯತ್ಯಾಸವನ್ನು ದಯವಿಟ್ಟು ಲಿಖಿತವಾಗಿ ತಿಳಿಸಬೇಕೆಂದು ಕೇಳಿದೆ. ಮರುದಿನ ಮುಖ್ಯಸ್ಥರು ಕರೆದರು. “ಅವರು ಸಂಸಾರಸ್ಥರು, ಮೇಡಂ” ಎಂದರು. ನನಗೂ ಸಂಸಾರವಿದೆ ಎಂದೆ. ಅದು ಬೇರೆ ಜಾತಿಯ ಸಂಸಾರವೆನ್ನುವಂತೆ ತಲೆಯಾಡಿಸಿದರು. ಲಿಖಿತ ಉತ್ತರ ಕೊನೆಗೂ ಬರಲಿಲ್ಲ. ಹೊಸ ಅವಧಿಯ ವೋಚರಿನಲ್ಲಿ ದರ ಮಾತ್ರ ಸಮನಾಗಿತ್ತು. ಹಿಂದಿನ ಬಾಕಿಯ ಬಗ್ಗೆ ಇಬ್ಬರೂ ಸುಮ್ಮನಿದ್ದೇವೆ. ನಾನು ಸದ್ಯಕ್ಕೆ.

ಸಂಬಳದ ಕತೆ ಚೆನ್ನಾಗಿದೆ ಎಂಬ ಕಾರಣಕ್ಕೆ ಫರಾಂಕ್ ಅವರನ್ನು ಅದೊಂದಕ್ಕೇ ಕಟ್ಟಿಹಾಕುವುದು ನನಗೆ ಸರಿಕಾಣುವುದಿಲ್ಲ. ಮೂರು ಸಿಂಫನಿಗಳಿವೆ. ಜಿ ಮೈನರಿನ ಮೂರನೆಯದು ನೊನೆಟ್‌ಗಿಂತ ದೊಡ್ಡ ಕೃತಿ ಎಂದೇ ನನ್ನ ವಾದ. ನೊನೆಟ್ ಕೇಳಿದ ಹುಡುಗನೊಬ್ಬ, ಇಷ್ಟು ಗೆದ್ದ ಮೇಲೆ ಇನ್ನೂ ಹೆಚ್ಚು ಬರೆದಿರಬೇಕಲ್ಲವೇ ಎಂದು ಕೇಳಿದ. ಇಲ್ಲ. 1859ರಲ್ಲಿ ವಿಕ್ಟೋರೀನ್ ತೀರಿಕೊಂಡಳು. ಅನಂತರ ತಾಯಿ ಹೊಸದಾಗಿ ಬರೆದದ್ದು ಬಹಳ ಕಡಿಮೆ. ಗಂಡನೊಂದಿಗೆ ಹಳೆಯ ಕೀಲಿಮಣೆ ಸಂಗೀತವನ್ನು ಹುಡುಕಿ ತಿದ್ದಿ ಸಂಪುಟಗಳಾಗಿ ತರುವ ಕೆಲಸಕ್ಕೆ ಕುಳಿತರು. 1865ರಲ್ಲಿ ಗಂಡ ಹೋದ ಮೇಲೆ ಒಬ್ಬರೇ ಅದನ್ನು ಇಪ್ಪತ್ತಮೂರು ಸಂಪುಟಗಳವರೆಗೆ ಎಳೆದರು. ತರಗತಿಯನ್ನು 1873ರವರೆಗೆ ಬಿಡಲಿಲ್ಲ.

ಪ್ರಶ್ನೆ ಕೇಳಿದ ಹುಡುಗನಿಗೆ ಈಗ ಫರಾಂಕ್ ಅವರ ಎಟ್ಯೂಡ್‌ಗಳಲ್ಲಿ, ಅಂದರೆ ಕೈ ಪಳಗಿಸುವ ಅಭ್ಯಾಸದ ರಚನೆಗಳಲ್ಲಿ, ಒಂದನ್ನು ಕೊಟ್ಟಿದ್ದೇನೆ. ಎಲ್ಲ ಮೇಜರ್, ಮೈನರ್ ಶ್ರುತಿಗಳಲ್ಲೂ ಇರುವ ಮೂವತ್ತು ಪಾಠಗಳ ಆ ಪುಸ್ತಕವನ್ನು ಕನ್ಸರ್ವೇಟರಿ ತನ್ನ ತರಗತಿಗಳಿಗೆ ತೆಗೆದುಕೊಂಡಿತ್ತು. ಎಡಗೈ ನೋಯುತ್ತದೆಂದು ಅವನ ದೂರು. ನಿಧಾನಗತಿಯಲ್ಲಿ ನುಡಿಸಲು ಹೇಳಿದರೆ ಕೇಳುವುದಿಲ್ಲ, ಮತ್ತೆ ವೇಗ ಹೆಚ್ಚಿಸುತ್ತಾನೆ.