ಹೊಕ್ಕು ತಪ್ಪಿದಲ್ಲಿ ಬರೆದ ಹೆಸರು

2008ರ ಜೂನ್ 27ರಂದು ಅಮೆರಿಕದಲ್ಲಿ ತೆರೆಕಂಡ ‘ವಾಂಟೆಡ್’ ಚಿತ್ರವನ್ನು ಈ ಬೇಸಿಗೆಯಲ್ಲಿ ಮತ್ತೊಮ್ಮೆ ನೋಡಿದೆ. ಮರುವರ್ಷ ಇದೇ ಹೆಸರಿನಲ್ಲಿ ಬಂದ ಹಿಂದಿ ಚಿತ್ರಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಪಲ್ಟಿ ಹೊಡೆಯುವ ಕಾರುಗಳು ಮತ್ತು ಗಾಳಿಯಲ್ಲಿ ಬಾಗಿ ಸಾಗುವ ಗುಂಡುಗಳಿಗಾಗಿಯೇ ಬಹುತೇಕ ಪ್ರೇಕ್ಷಕರು ಇದನ್ನು ನೆನಪಿಟ್ಟುಕೊಂಡಿದ್ದಾರೆ. ತುಮಕೂರಿನಲ್ಲಿ ನೆಲೆಸಿದ್ದರೂ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ನೇಕಾರರ ಮನೆತನದೊಂದಿಗೆ ನೆಂಟಸ್ತನವುಳ್ಳ ನನಗೆ ಮಾತ್ರ, ಈ ಚಿತ್ರದ ಜೀವವಿರುವುದು ಅದರೊಳಗಿನ ಒಂದು ಮಗ್ಗದಲ್ಲಿ ಎನಿಸುತ್ತದೆ.

ಕಥೆ ಸರಳವಾಗಿದೆ. ಷಿಕಾಗೋದ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡು, ಮೇಲಧಿಕಾರಿಯ ಬೈಗುಳ ಸಹಿಸಿಕೊಂಡು ಬದುಕುವ ವೆಸ್ಲಿ ಎಂಬ ಯುವಕನನ್ನು ಹಂತಕರ ಗುಪ್ತ ಸಂಘವೊಂದು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಸಾವಿರ ವರ್ಷಗಳ ಹಿಂದೆ ಈ ಸಂಘವನ್ನು ಕಟ್ಟಿದವರು ನೇಕಾರರು. ಈಗಲೂ ಅದರ ನೆಲೆ ಒಂದು ಬಟ್ಟೆ ಗಿರಣಿ. ವೆಸ್ಲಿಯಾಗಿ ಜೇಮ್ಸ್ ಮೆಕವಾಯ್, ಅವನನ್ನು ಪಳಗಿಸುವ ಫಾಕ್ಸ್ ಆಗಿ ಏಂಜಲಿನಾ ಜೋಲಿ, ಸಂಘದ ಮುಖ್ಯಸ್ಥ ಸ್ಲೋನ್ ಆಗಿ ಮಾರ್ಗನ್ ಫ್ರೀಮನ್ ನಟಿಸಿದ್ದಾರೆ. ಮಾರ್ಕ್ ಮಿಲರ್ ಬರೆದು ಜೆ.ಜಿ. ಜೋನ್ಸ್ ಚಿತ್ರಿಸಿದ ಕಾಮಿಕ್ಸ್ ಈ ಚಿತ್ರಕ್ಕೆ ಮೂಲವಾದರೂ, ಅದರಲ್ಲಿರುವುದು ಅತಿಮಾನುಷ ಖಳರ ಕೂಟವೇ ಹೊರತು ಈ ಮಗ್ಗವಲ್ಲ. ಮಗ್ಗ ಚಿತ್ರ ತಂಡದವರದೇ ಕಲ್ಪನೆ.

ಆ ಕಲ್ಪನೆ ಎಷ್ಟು ಸೊಗಸಾಗಿದೆಯೆಂದರೆ, ಉಳಿದೆಲ್ಲ ಅಬ್ಬರವನ್ನು ಬದಿಗಿಟ್ಟು ಅದನ್ನೊಂದೇ ನೋಡುತ್ತ ಕೂರಬಹುದು. ಸ್ಲೋನ್ ಬಟ್ಟೆಯ ತುಂಡನ್ನು ಭೂತಗನ್ನಡಿಯ ಕೆಳಗಿಟ್ಟು ತೋರಿಸುತ್ತಾನೆ. ನೂರಾರು ಎಳೆಗಳ ನಡುವೆ ಅಲ್ಲಲ್ಲಿ ನೇಯ್ಗೆ ತಪ್ಪಿದೆ. ಉದ್ದಕ್ಕೆ ಹಾಸಿದ ಹಾಸಿನ ಎಳೆ ಅಡ್ಡಲಾಗಿ ನೇಯುವ ಹೊಕ್ಕಿನ ಮೇಲೆ ಬಂದಿದ್ದರೆ ಒಂದು, ಕೆಳಗೆ ಹೋಗಿದ್ದರೆ ಸೊನ್ನೆ. ಹೀಗೆ ಒಂದು ಸೊನ್ನೆಗಳನ್ನು ಜೋಡಿಸುತ್ತ ಹೋದರೆ ಅಕ್ಷರಗಳಾಗುತ್ತವೆ, ಅಕ್ಷರಗಳು ಕೂಡಿ ಕೊಲ್ಲಬೇಕಾದ ಮನುಷ್ಯನ ಹೆಸರಾಗುತ್ತದೆ. ಇದು ಬರಿಯ ಕಟ್ಟುಕಥೆಯ ಚಮತ್ಕಾರವಲ್ಲ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಮಗ್ಗದ ಸಾಧನದಲ್ಲಿ, ರಟ್ಟಿನ ಕಾರ್ಡಿನಲ್ಲಿ ತೂತು ಇದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ; ಗಣಕಯಂತ್ರಕ್ಕೆ ಕಾರ್ಡಿನ ಮೂಲಕ ಆದೇಶ ಕೊಡುವ ಯೋಚನೆಯನ್ನು ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಪಡೆದದ್ದು ಅಲ್ಲಿಂದಲೇ. ನಮ್ಮ ರೇಷ್ಮೆ ಸೀರೆಯ ಅಂಚು ಸೆರಗುಗಳಲ್ಲಿ ನವಿಲು, ಮಾವು, ಹಂಸಗಳು ಮೂಡುವುದು ಇಂದಿಗೂ ಈ ತತ್ತ್ವದಿಂದಲೇ. ಆದ್ದರಿಂದ ಬಟ್ಟೆಯಲ್ಲಿ ಬರಹ ಅಡಗಿದೆಯೆಂದು ಸ್ಲೋನ್ ಹೇಳಿದಾಗ ನಾನು ತಕರಾರಿಲ್ಲದೆ ನಂಬಿದೆ.

ನನ್ನೊಡನೆ ಕುಳಿತು ಚಿತ್ರ ನೋಡಿದ ನಮ್ಮ ಭಾವ ಮಗ್ಗದ ಮುಂದೆಯೇ ಆಯುಷ್ಯ ಕಳೆದವರು. ಕಾರುಗಳ ದೃಶ್ಯ ಬಂದಾಗ ಸುಮ್ಮನಿದ್ದ ಅವರು ಈ ದೃಶ್ಯಕ್ಕೆ ಮುಂದಕ್ಕೆ ಬಾಗಿ ಕುಳಿತರು. ಮುಗಿದ ಮೇಲೆ, “ಹೊಕ್ಕು ತಪ್ಪಿದ್ರೆ ಬಿಚ್ಚಿ ಮತ್ತೆ ನೇಯ್ಬೇಕಪ್ಪಾ, ಅದನ್ನ ನೋಡಿ ಜೀವ ತೆಗೆಯೋದು ಎಲ್ಲಿಯ ನ್ಯಾಯ?” ಎಂದರು. ಇಡೀ ಚಿತ್ರದ ಬಗ್ಗೆ ಕೇಳಬೇಕಾದ ಪ್ರಶ್ನೆ ಅದೇ ಎಂದು ನನಗೂ ಅನ್ನಿಸಿತು.

ಇನ್ನು ಬಾಗುವ ಗುಂಡಿನ ವಿಚಾರ. ಗುಂಡು ನಳಿಗೆಯಿಂದ ಹೊರಬಿದ್ದ ಮೇಲೆ ಅದನ್ನು ಆಳುವುದು ಭೂಮಿಯ ಸೆಳೆತ ಮತ್ತು ಗಾಳಿ ಮಾತ್ರ. ಕೈಯನ್ನು ಎಷ್ಟೇ ಬೀಸಿ ಹಾರಿಸಿದರೂ ಅದು ತುಸು ಬೇರೆ ದಿಕ್ಕಿಗೆ ನೇರವಾಗಿ ಹೋಗುತ್ತದೆಯೇ ವಿನಾ ಕಂಬವನ್ನು ಬಳಸಿಕೊಂಡು ಹೋಗುವುದಿಲ್ಲ. ಇದು ಗೊತ್ತಿದ್ದೂ ನಾವು ನೋಡುತ್ತೇವೆ, ಏಕೆಂದರೆ ನಿರ್ದೇಶಕ ತಿಮೂರ್ ಬೆಕ್ಮಾಂಬೆತೊವ್ ಅದನ್ನು ಅಷ್ಟು ಶ್ರದ್ಧೆಯಿಂದ ತೋರಿಸುತ್ತಾರೆ. ಆರಂಭದಲ್ಲೇ ಒಬ್ಬನ ತಲೆಯನ್ನು ಸೀಳಿದ ಗುಂಡನ್ನು ಕ್ಯಾಮೆರಾ ಹಿಂದುಹಿಂದಕ್ಕೆ ಹಿಂಬಾಲಿಸಿ, ಬಹುದೂರದಲ್ಲಿರುವ ಬಂದೂಕಿನ ನಳಿಗೆಯವರೆಗೆ ನಮ್ಮನ್ನು ಕೊಂಡೊಯ್ಯುತ್ತದೆ. ಇಷ್ಟೊಂದು ದೃಶ್ಯ ವೈಭವವಿದ್ದರೂ ಈ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ದೊರೆತದ್ದು ಧ್ವನಿ ಸಂಕಲನ ಮತ್ತು ಧ್ವನಿ ಮಿಶ್ರಣಕ್ಕೆ ಮಾತ್ರ. ಗಿರಣಿಯ ದೃಶ್ಯಗಳನ್ನು ಕಿವಿಗೊಟ್ಟು ಕೇಳಿದರೆ ಆ ಗೌರವ ಸರಿಯೆನಿಸುತ್ತದೆ.

ನನ್ನ ಮನಸ್ಸು ಒಪ್ಪದೆ ಉಳಿದಿರುವುದು ರೈಲಿನ ಪ್ರಸಂಗ. ಓಡುವ ರೈಲಿನೊಳಗೆ ವೆಸ್ಲಿ ತನ್ನ ಶತ್ರುವೆಂದು ತಿಳಿದವನನ್ನು ಬೆನ್ನಟ್ಟುವಾಗ ಬೋಗಿಗಳು ಹಳಿ ತಪ್ಪಿ, ಸೇತುವೆಯಿಂದ ಆಳವಾದ ಕಮರಿಗೆ ಜೋತುಬೀಳುತ್ತವೆ. ಯಂತ್ರ ಕೌಶಲದ ದೃಷ್ಟಿಯಿಂದ ಇದು ಚಿತ್ರದ ಅತಿ ದೊಡ್ಡ ಸಾಹಸ. ಆದರೆ ಒಬ್ಬನನ್ನು ಕೊಂದು ಸಾವಿರ ಜನರನ್ನು ಉಳಿಸುತ್ತೇವೆಂದು ಹೇಳಿಕೊಳ್ಳುವವರ ಕಥೆಯಲ್ಲಿ, ಆ ರೈಲಿನಲ್ಲಿ ಕುಳಿತಿದ್ದ ಪಾಪದ ಪ್ರಯಾಣಿಕರು ಏನಾದರೆಂದು ಆಮೇಲೆ ಒಬ್ಬರೂ ಕೇಳುವುದಿಲ್ಲ. ತಪ್ಪಿದ ಒಂದೊಂದು ಎಳೆಯನ್ನೂ ಭೂತಗನ್ನಡಿ ಹಿಡಿದು ನೋಡಿದ ಚಿತ್ರ, ಮನುಷ್ಯರ ಮೇಲೆ ಒಂದು ನೋಟವನ್ನೂ ಬೀರದೆ ಮುಂದೆ ಸಾಗುವುದು ನನಗೆ ಬಹಳ ನೋವು ತಂದಿತು. ವಿಶೇಷ ಪರಿಣಾಮಗಳ ಬಗ್ಗೆ ನನಗೆ ವಿರೋಧವಿಲ್ಲ. ಅವು ಸಾವನ್ನು ತೋರಿಸುವಾಗ ಸತ್ತವರನ್ನೂ ತೋರಿಸಬೇಕು ಎಂಬುದಷ್ಟೇ ನನ್ನ ಬೇಡಿಕೆ.

ಕೊನೆಗೆ ಫಾಕ್ಸ್‌ಳ ದೃಶ್ಯದಲ್ಲಿ ಈ ಬೇಡಿಕೆ ಈಡೇರುತ್ತದೆ. ಮಗ್ಗ ಸ್ಲೋನ್‌ನ ಹೆಸರನ್ನೇ ನೇಯ್ದಾಗ ಅವನು ಅದನ್ನು ಮುಚ್ಚಿಟ್ಟು, ತನಗೆ ಬೇಕಾದವರ ಹೆಸರುಗಳನ್ನು ಹೇಳುತ್ತ ಬಂದಿದ್ದನೆಂಬುದು ಬಯಲಾಗುತ್ತದೆ. ಅಲ್ಲಿ ನೆರೆದವರೆಲ್ಲರ ಹೆಸರೂ ಬಟ್ಟೆಯಲ್ಲಿ ಬಂದಿದೆಯೆಂದು ಅವನು ಹೇಳಿದಾಗ ಉಳಿದವರು, ಬಟ್ಟೆಯಲ್ಲಿ ಹೆಸರು ಬಂದವರನ್ನು ಕೊಲ್ಲಲೇಬೇಕೆಂಬ ನಿಯಮವನ್ನು ಕೈಬಿಡಲು ಸಿದ್ಧರಾಗುತ್ತಾರೆ. ಫಾಕ್ಸ್ ಕೈಬಿಡುವುದಿಲ್ಲ. ಬಾಲ್ಯದಲ್ಲಿ ಅವಳ ತಂದೆಯನ್ನು ಕೊಂದವನ ಹೆಸರು ಮೊದಲೇ ಬಟ್ಟೆಯಲ್ಲಿ ಬಂದಿದ್ದರೂ ಸಂಘದವನೊಬ್ಬ ಗುಂಡು ಹಾರಿಸದೆ ಹೋಗಿದ್ದ. ಆ ನೆನಪಿನಿಂದಲೇ ಅವಳು ನಿಯಮವನ್ನು ನಂಬಿದವಳು. ಅವಳು ಹಾರಿಸಿದ ಒಂದೇ ಗುಂಡು ಸುತ್ತ ನಿಂತವರನ್ನೆಲ್ಲ ಕೆಡವುತ್ತ ವೃತ್ತಾಕಾರವಾಗಿ ಬಂದು ಅವಳನ್ನೇ ತಲುಪುತ್ತದೆ, ಮತ್ತು ಅವಳು ತಪ್ಪಿಸಿಕೊಳ್ಳುವ ಪ್ರಯತ್ನವನ್ನೇ ಮಾಡುವುದಿಲ್ಲ. ಅವಳ ನಿರ್ಧಾರ ಸರಿಯೆಂದು ಭಾವ ಇಂದಿಗೂ ಒಪ್ಪಿಲ್ಲ. ನನಗಾದರೋ ಆ ಗುಂಡು ಬಾಗಿದ್ದು ಅಸಾಧ್ಯವೆಂದು ಒಮ್ಮೆಯೂ ಅನ್ನಿಸಲಿಲ್ಲ.