ಗೆಟ್, ಪುಟ್, ನಡುವೆ ಕಳೆದುಹೋಗುವ ಒಂದು ಎಣಿಕೆ

ಸಿಸ್ಟಮ್ ಓಡುತ್ತಿರುವಾಗಲೇ ಕೆಲಸವಿಲ್ಲದ ಡಿವೈಸನ್ನು ಮಲಗಿಸುವ ಲಿನಕ್ಸ್‌ನ ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್ ಮೇಲ್ನೋಟಕ್ಕೆ ಸರಳ. ಡ್ರೈವರ್ ಕೆಲಸಕ್ಕೆ ಮುನ್ನ ಗೆಟ್ ಕರೆದು ಬಳಕೆಯ ಎಣಿಕೆ ಏರಿಸುತ್ತದೆ, ಮುಗಿದ ಮೇಲೆ ಪುಟ್ ಕರೆದು ಇಳಿಸುತ್ತದೆ. ಎಣಿಕೆ ಸೊನ್ನೆಗೆ ಇಳಿದರೆ ಡಿವೈಸ್ ಮಲಗುತ್ತದೆ. ತಪ್ಪುವುದು ಎರರ್ ಬಂದಾಗ.

ಪಿಎಂ_ರನ್‌ಟೈಮ್_ಗೆಟ್_ಸಿಂಕ್ ಫಂಕ್ಷನ್, ಡಿವೈಸ್ ಏಳದೆ ಎರರ್ ಕೊಟ್ಟಾಗಲೂ ಎಣಿಕೆಯನ್ನು ಏರಿಸಿಯೇ ಇರುತ್ತದೆ. ಎರರ್ ಕಂಡೊಡನೆ ರಿಟರ್ನ್ ಮಾಡಿದರೆ ಆ ಒಂದು ಎಣಿಕೆ ಇಳಿಸುವವರಿಲ್ಲದೆ ಉಳಿದುಬಿಡುತ್ತದೆ. ಡಿವೈಸ್ ಆಮೇಲೆ ಸರಿಹೋದರೂ ಮತ್ತೆ ಮಲಗುವುದಿಲ್ಲ. ಪುಟ್_ನೋಐಡಲ್ ಕರೆದು ಇಳಿಸಬೇಕು. 5.10ರ ಕರ್ನಲ್‌ನಲ್ಲಿ ಬಂದ ಪಿಎಂ_ರನ್‌ಟೈಮ್_ರೆಸ್ಯೂಮ್_ಅಂಡ್_ಗೆಟ್ ಸೋತರೆ ತಾನೇ ಇಳಿಸುತ್ತದೆ. ಹೊಸ ಇಂಟರ್‌ಫೇಸ್ ರಚಿಸುವವರು ಈ ಎರಡನೆಯ ನಡವಳಿಕೆಯನ್ನೇ ಆರಿಸಬೇಕು: ಸೋತ ಕರೆ ಏನನ್ನೂ ಹಿಡಿದಿಟ್ಟುಕೊಳ್ಳಬಾರದು.

ಡಿವೈಸನ್ನು ಮೊದಲು ಸಿದ್ಧಗೊಳಿಸುವ ಡ್ರೈವರ್ ಫಂಕ್ಷನ್ ಆದ ಪ್ರೋಬ್‌ನಲ್ಲೂ ಇಂಥದ್ದೇ ಒಂದು ತೊಡಕಿದೆ. ಡಿವೈಸ್ ಮಲಗಿದೆ ಎಂದೇ ಕರ್ನಲ್ ಆರಂಭದಲ್ಲಿ ನಂಬುತ್ತದೆ. ಡಿವೈಸ್ ಓಡಲು ಬೇಕಾದ ಕ್ಲಾಕ್ ಸಿಗ್ನಲನ್ನು ಪ್ರೋಬ್ ಆನ್ ಮಾಡಿದ್ದರೆ, ಪಿಎಂ_ರನ್‌ಟೈಮ್_ಎನೇಬಲ್‌ಗೆ ಮುಂಚೆ ಪಿಎಂ_ರನ್‌ಟೈಮ್_ಸೆಟ್_ಆಕ್ಟಿವ್ ಕರೆಯಬೇಕು. ಇಲ್ಲವಾದರೆ ಮೊದಲ ಗೆಟ್, ಡಿವೈಸನ್ನು ಎಬ್ಬಿಸುವ ಡ್ರೈವರ್ ಫಂಕ್ಷನ್ ಆದ ರೆಸ್ಯೂಮ್ ಕಾಲ್‌ಬ್ಯಾಕ್ ಓಡಿಸಿ ಕ್ಲಾಕನ್ನು ಎರಡನೆಯ ಸಲ ಆನ್ ಮಾಡುತ್ತದೆ, ಮಲಗಿಸುವ ಸಸ್ಪೆಂಡ್ ಕಾಲ್‌ಬ್ಯಾಕ್ ಒಂದನ್ನಷ್ಟೇ ಇಳಿಸುತ್ತದೆ. ಸ್ಟೇಟಸ್ 'ಸಸ್ಪೆಂಡೆಡ್' ಎನ್ನುತ್ತಿರುತ್ತದೆ, ಕ್ಲಾಕ್ ಮಾತ್ರ ಓಡುತ್ತಲೇ ಇರುತ್ತದೆ.

ಹಲವು ಡಿವೈಸ್‌ಗಳು ಹಂಚಿಕೊಂಡ ಇಂಟರಪ್ಟ್ (ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತ) ಲೈನಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪಕ್ಕದ ಡಿವೈಸ್‌ನ ಇಂಟರಪ್ಟ್ ಬಂದಾಗ ಮಲಗಿರುವ ನಮ್ಮ ಡಿವೈಸ್‌ನ ಹ್ಯಾಂಡ್ಲರ್ ಕೂಡ ಓಡುತ್ತದೆ. ಡಿ3 ಎಂಬ ನಿದ್ರೆಯ ಸ್ಥಿತಿಯಲ್ಲಿರುವ ಪಿಸಿಐ ಡಿವೈಸ್‌ನ ಮೆಮೊರಿ ರಿಜಿಸ್ಟರ್ ಓದಿದರೆ ಎಲ್ಲ ಬಿಟ್‌ಗಳೂ 1 ಆಗಿ ಬರುತ್ತವೆ. ಹ್ಯಾಂಡ್ಲರ್ ಅದನ್ನು ತನ್ನದೇ ಇಂಟರಪ್ಟ್ ಎಂದುಕೊಳ್ಳುತ್ತದೆ. ಕ್ಲಾಕ್ ನಿಂತ ಚಿಪ್‌ಗಳಲ್ಲಿ ಬಸ್ ಎರರ್ ಬರಬಹುದು, ಸಿಸ್ಟಮ್ಮೇ ಹೆಪ್ಪುಗಟ್ಟಬಹುದು. ಹಾರ್ಡ್ ಇಂಟರಪ್ಟ್ ಹ್ಯಾಂಡ್ಲರ್ ನಿದ್ರಿಸುವಂತಿಲ್ಲವಾದ್ದರಿಂದ ಡಿವೈಸ್ ಏಳುವವರೆಗೆ ಕಾಯುವ ಗೆಟ್_ಸಿಂಕ್ ಅಲ್ಲಿ ಸಲ್ಲದು. ಪಿಎಂ_ರನ್‌ಟೈಮ್_ಗೆಟ್_ಇಫ್_ಆಕ್ಟಿವ್ ಕೇಳಿ, ಉತ್ತರ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ರಿಜಿಸ್ಟರ್ ಮುಟ್ಟಿ, ಕೊನೆಗೆ ಪುಟ್ ಮಾಡಿ. ಇಲ್ಲದಿದ್ದರೆ ಐಆರ್‌ಕ್ಯೂ_ನನ್ (ಇದು ನನ್ನ ಇಂಟರಪ್ಟ್ ಅಲ್ಲ) ಎಂದು ಹೊರಬನ್ನಿ. ಸಸ್ಪೆಂಡ್ ಕಾಲ್‌ಬ್ಯಾಕ್‌ನ ಮೊದಲ ಕೆಲಸ ಡಿವೈಸ್‌ನೊಳಗೇ ಇಂಟರಪ್ಟ್ ಮಾಸ್ಕ್ ಮಾಡುವುದು (ತಡೆಯುವುದು), ನಂತರ ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ಕಾಯುವ ಸಿಂಕ್ರೊನೈಜ್_ಐಆರ್‌ಕ್ಯೂ ಕರೆಯುವುದು, ಆಮೇಲೆ ಕ್ಲಾಕ್ ಆಫ್ ಮಾಡುವುದು.

ಆ ಕಾಲ್‌ಬ್ಯಾಕ್ 'ಈಗ ಬೇಡ' ಎನ್ನಬೇಕಾದರೆ ಇಬ್ಯುಸಿ ಅಥವಾ ಇಅಗೇನ್ ಎಂಬ ಎರರ್ ಕೋಡ್ ಕೊಡಿ. ಬೇರೆ ಎರರ್ ಕೊಟ್ಟರೆ ಕರ್ನಲ್ ಅದನ್ನು ಗಂಭೀರ ದೋಷವೆಂದು ದಾಖಲಿಸಿ, ಸ್ಟೇಟಸ್ ಮತ್ತೆ ಹೊಂದಿಸುವವರೆಗೂ ಆ ಡಿವೈಸ್‌ನ ಗೋಜಿಗೆ ಹೋಗುವುದಿಲ್ಲ.

ಪರೀಕ್ಷೆಗೆ, ಕರ್ನಲ್ ತನ್ನ ಸ್ಥಿತಿಯನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಪವರ್/ಕಂಟ್ರೋಲ್‌ಗೆ 'ಆಟೋ' ಬರೆದು, ರೆಸ್ಯೂಮ್ ಕಾಲ್‌ಬ್ಯಾಕ್‌ನಲ್ಲಿ ಒಂದು ಸಲ ಬೇಕೆಂದೇ ಎರರ್ ಕೊಡಿಸಿ. ಬಳಕೆ ನಿಂತ ಮೇಲೆ ಎಣಿಕೆ ತೋರಿಸುವ ರನ್‌ಟೈಮ್_ಯೂಸೇಜ್ ಫೈಲ್ ಸೊನ್ನೆಗೆ ಮರಳದಿದ್ದರೆ ಹುಡುಕಬೇಕಾದ್ದು ಆ ಎರರ್ ದಾರಿಯಲ್ಲೇ. ಈ ಫೈಲ್ ಕಾಣಲು ಕರ್ನಲ್ ಕಾನ್ಫಿಗ್‌ನಲ್ಲಿ ಪಿಎಂ_ಅಡ್ವಾನ್ಸ್ಡ್_ಡೀಬಗ್ ಆನ್ ಇರಬೇಕು.